ಕೆಂಪು ದಡಿಯ ಪಟ್ಟಾ

ಖಾನಾಪುರ,
ತಾರೀಖು ೨೦ ಅಕ್ಟೋಬರ್ ೧೯೨೭

ಶ್ರೀಯುತ ಧರಣೇಂದ್ರ ಅವರಿಗೆ ರತ್ನಮಾಲಾ ಹೇಳುವ ಜಯ ಜಿನೇಂದ್ರ.

ಹೆಂಡತಿಯಾದವಳು ಗಂಡನ ಹೆಸರನ್ನು ಹೀಗೆ ರಾಜಾರೋಷವಾಗಿ ಬರೆದಳೆಂದು ಗಾಬರಿಯಾಗಬೇಡಿ. ಮೊದಲು ‘ಪತಿದೇವರ ಪಾದಾರವಿಂದಗಳಿಗೆ’ ಎಂದೇ ಶುರು ಮಾಡಿದ್ದೆ. ಅಷ್ಟರಲ್ಲಿ ಆ ಪಾದಗಳು ತೊಡುವ ಬೂಟು ನೆನಪಾಗಿ ಕಾಗದ ಹರಿದು ಹಾಕಿದೆ. ಬೂಟಿನ ಮಾತು ಮುಂದೆ ಬರುತ್ತದೆ.

ನಿಮ್ಮ ಪತ್ರ ಸೋಮವಾರ ಮುಟ್ಟಿತು. ಅಕ್ಷರ ಮುತ್ತಿನಂತಿವೆ, ಅದರಲ್ಲಿ ಕುಂದು ಹೇಳುವಂಥದ್ದೇನೂ ಇಲ್ಲ. ಒಟ್ಟು ಎಂಟು ವಾಕ್ಯ. ಇಲ್ಲಿ ಬಿಟ್ಟುಹೋದ ಮೋಟಾರ್ ಸೈಕಲ್ ಗಾಡಿಯನ್ನು ದೀಪಾವಳಿಯೊಳಗೆ ಬೆಳಗಾವಿಯ ಖಾಸಬಾಗದ ಮನೆಗೆ ಮುಟ್ಟಿಸಬೇಕು. ಅದನ್ನು ರೈಲಿನ ಮಾಲುಡಬ್ಬಿಗೆ ಹಾಕಬಾರದು. ಎತ್ತಿನ ಬಂಡಿಯಲ್ಲಿ ಹುಲ್ಲು ಹಾಸಿ ತರಬೇಕು. ಬಣ್ಣ ಕೆರೆಯಬಾರದು. ದೀಪದ ಗಾಜಿಗೆ ಅರಿವೆ ಸುತ್ತಬೇಕು. ದಾರಿಯಲ್ಲಿ ಯಾರೂ ಹಾರ್ನು ಒತ್ತಬಾರದು. ಬಂಡಿಯ ಬಾಡಿಗೆ ನಮ್ಮಪ್ಪ ಕೊಡಬೇಕು. ಹೀಗೆ ಏಳು ವಾಕ್ಯ ಗಾಡಿಗೆ. ಎಂಟನೆಯದು ಮಗಳಿಗೆ: ‘ಗಾಡಿ ಮುಟ್ಟಿದ ದಿನ ರಾಜಮತಿಯನ್ನು ನಿನ್ನ ಕಡೆ ಕಳಿಸುತ್ತೇನೆ.’ ಅಷ್ಟೇ. ಅವಳಿಗೆ ಜ್ವರ ಬಂದಿತ್ತೇ, ಹಲ್ಲು ಬಿದ್ದವೇ, ಎಷ್ಟು ಎತ್ತರವಾದಳು, ಒಂದು ಮಾತೂ ಇಲ್ಲ. ಎಂಟು ವರ್ಷದ ಮಗುವನ್ನು ನಾನು ಕಣ್ಣಿಂದ ನೋಡಿ ಆರೂವರೆ ತಿಂಗಳಾಯಿತು.

ಪತ್ರವನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಪ್ಪ ಪೂರ್ತಿ ಕೇಳಿ, “ಹೊಟ್ಟ್ಯಾಗ ಹುಟ್ಟಿದ ಮಗಳನ್ನ ಫಟಫಟಿಗಿ ಅದಲಾಬದಲಿ ಮಾಡ್ತಾನೇನವ್ವಾ?” ಎಂದು ಒಂದೇ ಮಾತು ಕೇಳಿದರು. ನಾನು ಹೌದೆಂದೆ. ನಮ್ಮಪ್ಪ ಪಾಯಪ್ಪನವರು ಸಿಟ್ಟಿನ ಮನುಷ್ಯರಲ್ಲ, ನಿಮಗೆ ಗೊತ್ತು. ಎದ್ದು ಗಿರಣಿಯೊಳಗೆ ಹೋದರು. ಆ ದಿನ ಊಟಕ್ಕೆ ಬರಲಿಲ್ಲ.

ನಿಮಗೆ ಈ ಗಾಡಿಯ ಮೇಲೆ ಇಷ್ಟು ಜೀವ ಇರುವುದರಿಂದ ಅದರ ಸಮಾಚಾರವನ್ನು ಮೊದಲಿನಿಂದ ಬರೆಯುತ್ತೇನೆ. ಅದು ನಿಮಗಿಂತ ನನಗೆ ಚೆನ್ನಾಗಿ ಗೊತ್ತು.

ಸಂಕ್ರಮಣದ ಮಾರನೆಯ ದಿನ, ಕ್ಯಾಂಪಿನ ಸಾಹೇಬನೊಬ್ಬ ವಿಲಾಯತಿಗೆ ಹೊರಟಿದ್ದಾನೆ, ಸಾಮಾನು ಮಾರುತ್ತಿದ್ದಾನೆ ಎಂದು ಯಾರೋ ಹೇಳಿದ್ದೇ ತಡ, ಗಿರಾಕಿಯ ಮುಂದೆ ಹರವಿದ ಸೀರೆಗಳನ್ನು ಹಾಗೇ ಬಿಟ್ಟು ಓಡಿದಿರಿ. ಸಂಜೆಗೆ ಮೋಟಾರ್ ಸೈಕಲ್ಲಿನ ಜೊತೆ ಬಂದಿರಿ. ಅದರ ಮೇಲೆ ಕುಳಿತಲ್ಲ, ಹಿಂದಿನಿಂದ ನೂಕುತ್ತ. ಮಹಾಯುದ್ಧದ ಕಾಲದ ಹಳೆಯ ಗಾಡಿ. ಪಕ್ಕಕ್ಕೆ ಒಬ್ಬರು ಕೂಡುವಂಥ ಸೈಡ್‌ಕಾರು. ಅದರ ತುಂಬ ಕೋಳಿಯ ಪುಕ್ಕ. ಸಾಹೇಬ ಇದನ್ನು ಹದಿನಾಲ್ಕು ಸಲ ಮಾತ್ರ ಹತ್ತಿದ್ದನೆಂದು ಓಣಿಯ ಮನೆಮನೆಗೆ ಹೇಳಿ ಬಂದಿರಿ. ಹದಿನೈದನೆಯ ಸಲ ಯಾಕೆ ಹತ್ತಲಿಲ್ಲ ಎಂದು ಅವನನ್ನು ಕೇಳುವ ಬುದ್ಧಿ ನಿಮಗೆ ಬರಲಿಲ್ಲ.

ಬಾಗಿಲಲ್ಲೇ ಅತ್ತೆಯವರು ತಡೆದರು. ಎಂಜಿನ್ನಿನಿಂದ ಹಿಂದಿನ ಗಾಲಿಗೆ ಸುತ್ತುವ ಪಟ್ಟಾ ತೊಗಲಿನದು, ಕೂಡುವ ಗಾದಿಯೂ ತೊಗಲಿನದು. “ಜೈನರ ಮನಿ ಐತಿ ಇದು. ಸತ್ತ ದನದ ತೊಗಲ ನಮ್ಮ ಅಂಗಳಾ ತುಳೀಬಾರದು” ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅತ್ತೆ ಶಾಂತಮ್ಮನವರು ಬಸದಿಗೆ ಹೋಗುವಾಗ ಹಿಡಿಯುವ ಚೀಲ ಕೂಡ ಅರಿವೆಯದು. ನಾನು ಒಳಗಿನಿಂದ ಒಂದು ಮಾತು ಹೇಳಿದೆ, ನೆನಪಿದೆಯೇ? ಅಪ್ಪನ ಅಕ್ಕಿ ಗಿರಣಿಯಲ್ಲಿ ಎಂಜಿನ್ನಿಗೆ ಹಾಕುವುದು ರಬ್ಬರು ಹಚ್ಚಿದ ಕ್ಯಾನ್ವಾಸಿನ ಪಟ್ಟಾ, ಅದರಲ್ಲಿ ತೊಗಲಿಲ್ಲ, ಒಂದು ಹಳೆಯ ತುಂಡು ತರಿಸೋಣ ಎಂದೆ. ನೀವು ನಾಲ್ಕು ಜನರ ಮುಂದೆ ನಕ್ಕು, “ಗಿರಣ್ಯಾರ ಮಗಳು, ತೌಡಿನ ಮಾತ ಆಡ್ತಾಳ” ಎಂದಿರಿ.

ಆಮೇಲೆ ಸೀರೆ ವ್ಯಾಪಾರಿಯ ತಲೆ ಓಡಿತು. ನೇಕಾರ ದುಂಡಪ್ಪನನ್ನು ಕರೆಸಿ, ದಪ್ಪ ನೂಲಿನಲ್ಲಿ ಎಂಟು ಪದರಿನ ಪಟ್ಟಾ ನೇಯಲು ಹೇಳಿದಿರಿ. ಅದಕ್ಕೆ ಎರಡೂ ಕಡೆ ಕೆಂಪು ದಡಿ ಬೇರೆ, ನೋಡಲು ಚಂದ ಇರಲಿ ಎಂದು. ದುಂಡಪ್ಪ ಪಾಪ, “ಧಣ್ಯಾರ, ದಡಿ ಸೀರಿಗಿ ಒಪ್ತೈತ್ರಿ. ಗಾಲಿಗಿ ಯಾಕ್ರಿ?” ಎಂದು ಕೇಳಿ ಬೈಸಿಕೊಂಡ. ಪಟ್ಟಾ ಬಂತು, ಮಖಮಲ್ಲಿನ ಗಾದಿ ಬಂತು. ಹಿಂದುಸ್ಥಾನದಲ್ಲಿಯೇ ಮೊದಲನೆಯ ಅಹಿಂಸಾ ಮೋಟಾರು ಎಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಭಾಷಣ ಮಾಡಿದಿರಿ. ಆದರೆ ಸಾಹೇಬನಿಂದ ಅದೇ ದಿನ ಕೊಂಡ ತೊಗಲಿನ ಬೂಟು ಟಿಳಕವಾಡಿಯ ನಿಮ್ಮ ಗೆಳೆಯರ ಮನೆಯ ಮಂಚದ ಕೆಳಗಿತ್ತು. ಅಲ್ಲಿಗೆ ಹೋಗಿ ತೊಡುತ್ತಿದ್ದಿರಿ, ತಿರುಗಾಡಿ ಬಂದು ಅಲ್ಲೇ ಕಳೆದಿಡುತ್ತಿದ್ದಿರಿ. ನನಗೆ ಗೊತ್ತಿತ್ತು. ನಿಮ್ಮ ಕಾಲುಚೀಲ ಒಗೆಯುತ್ತಿದ್ದವಳು ನಾನೇ ಅಲ್ಲವೇ. ಅತ್ತೆಯವರು ನೊಂದುಕೊಳ್ಳುತ್ತಾರೆಂದು ಬಾಯಿ ಬಿಡಲಿಲ್ಲ.

ಇನ್ನು ಯುಗಾದಿಯ ಮುಂಜಾನೆ. ಇಪ್ಪತ್ತು ಜನ ಅಂಗಳದಲ್ಲಿ ಸೇರಿದ್ದಾರೆ, ಗಾಡಿಗೆ ಹೂವಿನ ಹಾರ ಹಾಕಿದೆ, ನೀವು ಜರಿ ರುಮಾಲು ಸುತ್ತಿ ಒದೆಯುತ್ತಿದ್ದೀರಿ, ಅದು ಏಳುವುದಿಲ್ಲ. ರಾಜಮತಿ ನನ್ನ ಸೆರಗು ಹಿಡಿದು ನಿಮ್ಮ ಒದೆಗಳನ್ನು ಎಣಿಸುತ್ತಿದ್ದಳು. ಐವತ್ತು ದಾಟಿತು. ರುಮಾಲು ಬಿಚ್ಚಿ ಹೆಗಲಿಗೆ ಬಂತು. ನೋಡಲಾರದೆ ನಾನು ಬಾಗಿಲಲ್ಲಿ ನಿಂತು ಹೇಳಿದೆ: “ಪೆಟ್ರೋಲ ಗಾಳಿಸಿಲ್ಲ. ನಳಿಗ್ಯಾಗ ಕಸ ಸಿಕ್ಕಿರಬೇಕು.” ಮೂರು ಪದರಿನ ಅರಿವೆಯಲ್ಲಿ ಗಾಳಿಸದೆ ಹನಿ ನೀರು ಕುಡಿಯದ ಮನೆಯವರು ನೀವು, ಪೆಟ್ರೋಲನ್ನು ಮಾತ್ರ ತುಕ್ಕು ಹಿಡಿದ ಡಬ್ಬಿಯಿಂದ ಸೀದಾ ಸುರಿದಿದ್ದಿರಿ. ಬಂದವರಲ್ಲಿ ಒಬ್ಬರು ನಳಿಗೆ ಬಿಚ್ಚಿ ಊದಿದರು. ಕೆಂಪು ರಾಡಿ ಹೊರಗೆ ಬಿತ್ತು. ಎರಡನೆಯ ಒದೆಗೆ ಎಂಜಿನ್ ಎದ್ದಿತು. “ಧರಣೇಂದ್ರಪ್ಪಾ, ಇನ್ನ ಮ್ಯಾಲ ಮನಿಯಾಕಿನ್ನ ಬಾಜೂಕ ಕುಂದರಿಸಿಕೊಂಡ ಹೋಗಪಾ” ಎಂದು ಅವರು ಚೇಷ್ಟೆ ಮಾಡಿದರು. ಎಲ್ಲರೂ ನಕ್ಕರು. ನೀವೂ ನಕ್ಕಿರಿ, ಆದರೆ ಕಿವಿ ಕೆಂಪಾಗಿದ್ದವು.

ಮೂರನೆಯ ದಿನ, ನಾಲ್ಕು ದಿನ ತವರಿಗೆ ಹೋಗಿ ಬಾ ಎಂದು ಸ್ಟೇಶನ್ನಿಗೆ ಕರೆತಂದಿರಿ. ರಾಜಮತಿ ಅಜ್ಜನ ಊರಿಗೆಂದು ಹೊಸ ಪರಕರ ಉಟ್ಟು ಬಂದಿದ್ದಳು. ನಾನು ರೈಲಿನ ಡಬ್ಬಿ ಹತ್ತಿದ ಮೇಲೆ ನನ್ನ ಕೈಗೆ ಒಂದು ಟಿಕೀಟು ಇಟ್ಟಿರಿ. ಹುಡುಗಿಯ ಅರ್ಧ ಟಿಕೀಟು ಎಲ್ಲಿ ಎಂದು ಕೇಳಿದೆ. “ಆಕಿ ಇಲ್ಲೇ ಇರ್ತಾಳ. ನಾ ಕರ್ಯಾಕ ಬರೂತನಕಾ ನೀ ಅಲ್ಲೇ ಇರು” ಎಂದಿರಿ. ಕಿಟಕಿಯ ಸರಳು ಹಿಡಿದಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಿರಿ. ಕಸ ಇದ್ದದ್ದು ಪೆಟ್ರೋಲಿನಲ್ಲಿ, ನೀವು ಮನೆಯಿಂದ ಹೊರಗೆ ಹಾಕಿದ್ದು ನನ್ನನ್ನು. ಇದನ್ನು ನಾನು ಮರೆಯುವುದಿಲ್ಲ, ಕ್ಷಮಿಸುವುದೂ ಇಲ್ಲ.

ಕರೆಯಲು ನೀವು ಬರಲಿಲ್ಲ. ಶ್ರಾವಣದಲ್ಲಿ ಬಂದಿರಿ, ಮೆರೆಯಲು. ಫಟಫಟಿ ಬಂತು ಎಂದು ಗಿರಣಿಯ ಹೆಣ್ಣಾಳುಗಳು ಕೂಗಿದಾಗ ನಾನು ಬರಿಗಾಲಲ್ಲಿ ಕೆಸರು ತುಳಿಯುತ್ತ ಓಡಿದೆ, ಸೈಡ್‌ಕಾರಿನಲ್ಲಿ ರಾಜಮತಿ ಇರುತ್ತಾಳೆಂದು. ಗಾಡಿಯನ್ನು ಗಣೇಬೈಲಿನ ರೈತನೊಬ್ಬನ ಎತ್ತುಗಳು ಎಳೆಯುತ್ತಿದ್ದವು. ನೀವು ಕೊಡೆ ಹಿಡಿದು ಹಿಂದೆ ನಡೆದು ಬರುತ್ತಿದ್ದಿರಿ. ಸೈಡ್‌ಕಾರಿನಲ್ಲಿ ಒಂದು ಕನ್ನಡಿ, ಒಂದು ಹಣಿಗೆ, ಆ ಬೂಟು ಇದ್ದವು. ದುಂಡಪ್ಪನ ಪಟ್ಟಾ ಎಂಜಿನ್ನಿನ ಎಣ್ಣೆ ಕುಡಿದು, ಮಳೆಯ ರಾಡಿ ಮೆತ್ತಿಕೊಂಡು, ಜಾರಿ ಜಾರಿ ಕಳಚಿ ಬಂದು ಆ ಸಾಮಾನಿನ ಮೇಲೇ ಬಿದ್ದಿತ್ತು.

“ಈ ರಸ್ತಾ ಗಾಡಿಗಿ ಲಾಯಖ ಇಲ್ರಿ, ಮಾವಾರ” ಎಂದು ಅಪ್ಪನಿಗೆ ಹೇಳಿದಿರಿ. ಊಟದ ಹೊತ್ತಿಗೆ ಮಗಳ ಬಗ್ಗೆ ಮೂರು ಸಲ ಕೇಳಿದೆ. ಮೊದಲ ಸಲ ಮುಖ ಒರೆಸಿಕೊಂಡಿರಿ. ಎರಡನೆಯ ಸಲ ಇನ್ನೊಂದು ಹೋಳಿಗೆ ಬೇಡಿದಿರಿ. ಮೂರನೆಯ ಸಲ, “ಚಲೋ ಅದಾಳ” ಎಂದಿರಿ. ಹೊತ್ತು ಮುಳುಗುವುದರೊಳಗೆ ಉಂಡು, ಸಂಜೆಯ ರೈಲು ಹಿಡಿದು ಹೋದಿರಿ. ಹೋಗುವಾಗ ಗಾಡಿಯತ್ತ ತಿರುಗಿ ನೋಡಲಿಲ್ಲ. “ಮುರಕಾ ಸಾಮಾನು, ಬಿದ್ದಿರ್ಲಿ” ಎಂಬುದೇ ನಿಮ್ಮ ಮಾತು. ಬೆಳಗಾವಿಯಲ್ಲಿ ಮಾತ್ರ, ಗಾಡಿ ದುರಸ್ತಿಗೆ ಮುಂಬಯಿಗೆ ಹೋಗಿದೆ ಎಂದು ಹೇಳಿಕೊಂಡು ತಿರುಗಿದಿರಂತೆ. ಸೀರೆ ಮಾರಲು ಖಾನಾಪುರದ ಸಂತೆಗೆ ಬಂದ ದುಂಡಪ್ಪನೇ ಹೇಳಿದ. ಟಿಳಕವಾಡಿಯ ವಕೀಲರೊಬ್ಬರ ಮೋಟಾರಿನ ಜೊತೆ ದೀಪಾವಳಿ ಪಾಡ್ಯದ ದಿನ ಪೀರನವಾಡಿಯವರೆಗೆ ಓಡಿಸುವ ಪಂದ್ಯ ಕಟ್ಟಿರುವುದನ್ನೂ ಅವನೇ ಹೇಳಿದ. ಮುರುಕು ಸಾಮಾನು ಒಮ್ಮೆಲೇ ಬೇಕಾದದ್ದು ಅದಕ್ಕೆ.

ಭಾದ್ರಪದದಲ್ಲಿ ಕ್ಷಮಾವಣಿಯ ದಿನ ಜೈನರೆಲ್ಲ ಒಬ್ಬರಿಗೊಬ್ಬರು ತಪ್ಪಾಯಿತೆಂದು ಹೇಳುವಾಗ, ರೂಢಿ ಬಿಡಬಾರದೆಂದು ನಿಮಗೂ ಒಂದು ಕಾರ್ಡು ಹಾಕಿದೆ. ಗಾಡಿಯ ಮೇಲೆ ಗಿರಣಿಯ ಆಳು ಹಣಮಪ್ಪನ ಕೋಳಿಗಳು ಕೂಡುತ್ತಿವೆ ಎಂದೂ ತಿಳಿಸಿದ್ದೆ. ನೀವು ಉತ್ತರ ಬರೆದಿರಿ: ‘ಕ್ಷಮಿಸಿದ್ದೇನೆ. ಕೋಳಿಗಳನ್ನು ಓಡಿಸು.’ ತಿರುಗಿ ಕ್ಷಮೆ ಕೇಳಬೇಕಾದವರು ನೀವೂ ಹೌದು ಎಂಬುದು ನಿಮ್ಮ ಮನಸ್ಸಿಗೆ ಹೊಳೆಯಲೇ ಇಲ್ಲ.

ಕೋಳಿಯ ಮಾತು ಸುಳ್ಳಾಗಿತ್ತು. ಈಗ ಅದನ್ನು ಒಪ್ಪಿಕೊಳ್ಳುತ್ತೇನೆ.

ನೀವು ಹೋದ ಮಾರನೆಯ ದಿನ ನಾನು ಒನಕೆ ಹಿಡಿದು ಗಾಡಿಯ ಹತ್ತಿರ ಹೋಗಿದ್ದೆ, ಚೂರು ಚೂರು ಮಾಡಲೆಂದು. ಗಿರಣಿಯ ಎಂಜಿನ್ ನೋಡಿಕೊಳ್ಳುವ ಹಣಮಪ್ಪ ಅಡ್ಡ ಬಂದ. “ಅಕ್ಕಾರ, ಇದರದೇನ ತಪ್ಪೈತ್ರಿ? ನಮ್ಮ ಗಿರಣಿ ಎಂಜಿನ್ನಿನ ಸಣ್ಣ ತಮ್ಮ ಇದ್ಧಂಗ ಐತಿ. ಬಿಚ್ಚಿ ನೋಡೂಣು ಬರ್ರಿ” ಎಂದ. ಒನಕೆ ಗೋಡೆಗೆ ಆನಿಸಿದೆ. ನಾನು ಗಿರಣಿಯ ಸದ್ದಿನಲ್ಲೇ ಹುಟ್ಟಿ ಬೆಳೆದವಳು. ಎಂಜಿನ್ ಕೆಮ್ಮಿದರೆ ಎಣ್ಣೆ ಕಡಿಮೆಯೋ ಗಾಳಿ ಹೆಚ್ಚೋ ಎಂದು ಅಡುಗೆಮನೆಯಿಂದಲೇ ಹೇಳುತ್ತಿದ್ದೆ. ಹತ್ತು ವರ್ಷದ ಸಂಸಾರದಲ್ಲಿ ನೀವು ಅದನ್ನು ಒಮ್ಮೆಯೂ ಕೇಳಿಲ್ಲ.

ಎರಡು ತಿಂಗಳು ಹಿಡಿಯಿತು. ಬಿಚ್ಚಿದ ಸಾಮಾನನ್ನು ಮೊರದಲ್ಲಿ ಬಿಚ್ಚಿದ ಕ್ರಮದಲ್ಲೇ ಇಟ್ಟು ಮೇಲೆ ಅರಿವೆ ಮುಚ್ಚುತ್ತಿದ್ದೆ. ಎಂಜಿನ್ನಿನ ತಲೆಯೊಳಗೆ ಬೆರಳು ದಪ್ಪ ಮಸಿ ಕಟ್ಟಿತ್ತು. ಬಿದಿರ ಚಕ್ಕೆಯಿಂದ ಕೆರೆದೆವು. ಕಿಡಿ ಹುಟ್ಟುವ ಕಡೆ ಜಂಗು ಹಿಡಿದಿತ್ತು, ಅದನ್ನು ಉಜ್ಜಿದೆವು. ಪೆಟ್ರೋಲಿನ ಟಾಕಿ ಐದು ಸಲ ತೊಳೆದರೂ ಕೆಂಪು ನೀರು ಬಿಡುತ್ತಿತ್ತು. ಕೊನೆಗೆ ನೀರು ಗಾಳಿಸುವ ನನ್ನ ಹಳೆಯ ಅರಿವೆಯನ್ನೇ ಮೂರು ಪದರು ಮಡಚಿ ಪೆಟ್ರೋಲು ಗಾಳಿಸಿದೆ. ಪಟ್ಟಾ? ಅಪ್ಪನ ಗಿರಣಿಯ ಹಳೆಯ ಕ್ಯಾನ್ವಾಸ್ ಪಟ್ಟಾವನ್ನು ಕೊಯ್ದು, ಪದರಿನ ಮೇಲೆ ಪದರು ಇಟ್ಟು, ತಾಮ್ರದ ಮೊಳೆ ಬಡಿದು, ಗಾಲಿಯ ಹಳ್ಳಕ್ಕೆ ಕೂಡುವಂತೆ ಅಂಚು ಸವರಿ ಮಾಡಿದೆವು. ತೊಗಲು ಎಳ್ಳಷ್ಟೂ ಇಲ್ಲ. ಆರು ಸಲ ಕೆಟ್ಟಿತು, ಏಳನೆಯ ಸಲ ಹಿಡಿಯಿತು. ನಾನು ಮೊದಲನೆಯ ದಿನ ಬಾಗಿಲೊಳಗಿನಿಂದ ಹೇಳಿದ ತೌಡಿನ ಮಾತು ಇದೇ.

ಮೊದಲು ಗಿರಣಿಯ ಅಂಗಳದಲ್ಲಿ ಸುತ್ತು ಹಾಕಿದೆ. ಕಚ್ಚೆ ಬಿಗಿದು ಉಟ್ಟರೆ ಸೀರೆಯಿಂದ ತೊಂದರೆಯೇನೂ ಇಲ್ಲ. ಹಣಮಪ್ಪ ಸೈಡ್‌ಕಾರಿನಲ್ಲಿ ಎರಡು ಅಕ್ಕಿ ಚೀಲ ಹಾಕಿ ತೂಕ ಕೊಟ್ಟ. ಆಮೇಲೆ ಮಲಪ್ರಭೆಯ ಸೇತುವೆಯವರೆಗೆ ಹೋಗಿ ಬಂದೆ. ಪೇಟೆಯ ಮರಾಠಿ ಹೆಂಗಸರು “ಅಗಬಾಯಿ!” ಎಂದು ಮೂಗಿನ ಮೇಲೆ ಬೆರಳಿಟ್ಟರು. ಇಟ್ಟುಕೊಳ್ಳಲಿ. ಅಪ್ಪ ಒಂದೇ ಷರತ್ತು ಹಾಕಿದರು: ಹೊತ್ತು ಮುಳುಗಿದ ಮೇಲೆ ಓಡಿಸಕೂಡದು, ದೀಪಕ್ಕೆ ಹುಳ ಬಿದ್ದು ಸಾಯುತ್ತವೆ. ಖರೇ ಹೇಳುತ್ತೇನೆ, ಸೇತುವೆಯ ಮೇಲೆ ಗಾಳಿ ಮುಖಕ್ಕೆ ಬಡಿದಾಗ ನನಗೆ ಸಂತೋಷವಾಯಿತು. ಯುಗಾದಿಯಿಂದೀಚೆಗೆ ಮೊದಲ ಸಲ. ಮರುಗಳಿಗೆಗೆ ಪಕ್ಕದ ಅಕ್ಕಿ ಚೀಲ ನೋಡಿ ಅಲ್ಲೇ ನಿಲ್ಲಿಸಿ ಅತ್ತೆ. ಅಲ್ಲಿ ಕೂಡಬೇಕಾದವಳನ್ನು ನೀವು ಇಟ್ಟುಕೊಂಡಿದ್ದೀರಿ.

ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದರೆ, ಗಾಡಿ ಓಡುತ್ತದೆ ಎಂದು ಗೊತ್ತಾದರೆ ಮಾರನೆಯ ದಿನವೇ ಬಂದು ಹತ್ತಿಕೊಂಡು ಹೋಗುವವರು ನೀವು, ಮಗಳನ್ನು ಕೊಡುವವರಲ್ಲ. ಈಗ ನೀವೇ ಬಾಯಿಬಿಟ್ಟು ಬೆಲೆ ಹೇಳಿದ್ದೀರಿ, ಅದೂ ನಿಮ್ಮ ಮುತ್ತಿನಂಥ ಅಕ್ಷರದಲ್ಲಿ, ಕೆಳಗೆ ರುಜು ಹಾಕಿ.

ನನಗೆ ಒಪ್ಪಿಗೆ. ಗಾಡಿಯ ಮೇಲೆ ನನಗೂ ಜೀವ ಬಂದಿದೆ, ಅದನ್ನು ಬಿಟ್ಟುಕೊಡಲು ಸಂಕಟವೂ ಆಗುತ್ತದೆ. ಆದರೆ ರಾಜಮತಿಯ ಮುಂದೆ ಅದು ಕಬ್ಬಿಣ. ನಿಮಗೆ ಹಾಗೆ ಅನಿಸಲಿಲ್ಲ ಎಂಬುದಕ್ಕಾಗಿ ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಈಗ ಅಸಹ್ಯ ಮಾತ್ರ ಉಳಿದಿದೆ. ಗಾಡಿ ದೀಪಾವಳಿಯೊಳಗೆ ಮುಟ್ಟುತ್ತದೆ. ಬಣ್ಣ ಕೆರೆದಿರುವುದಿಲ್ಲ. ದೀಪದ ಗಾಜಿಗೆ ಅರಿವೆ ಸುತ್ತಿದ್ದೇನೆ. ಬಂಡಿಯ ಬಾಡಿಗೆಯ ಪ್ರಶ್ನೆಯೇ ಇಲ್ಲ.

ಓಡಿಸುವವರಿಗೆ ಎರಡು ಮಾತು: ಪೆಟ್ರೋಲು ಗಾಳಿಸದೆ ಹಾಕಬೇಡಿ. ನಾಲ್ಕೈದು ಮೈಲಿಗೊಮ್ಮೆ ಎಣ್ಣೆಯ ಪಂಪು ಒತ್ತಿ. ಸಣ್ಣ ಹುಡುಗರೂ ನೆನಪಿಡುವಷ್ಟೇ ಇದೆ. ನಿಮ್ಮ ವಿಷಯ ನಾನು ಹೇಳಲಾರೆ.

ಅತ್ತೆಯವರಿಗೆ ನನ್ನ ನಮಸ್ಕಾರ ಇದೆ. ಅದು ಮನಸ್ಸಿನಿಂದ ಮಾಡಿದ್ದು.

ಇಂತಿ,
ಗಿರಣಿಯವರ ಮಗಳು
ರತ್ನಮಾಲಾ

ತಾ.ಕ.: ೨೧ನೆಯ ತಾರೀಖು ಮುಂಜಾನೆ, ಖಾಸಬಾಗ, ಬಸದಿಯ ಕಟ್ಟೆ. ಪೆನ್ಸಿಲಿನಿಂದ ಬರೆದದ್ದನ್ನು ಮನ್ನಿಸಿ. ಲಕೋಟೆಗೆ ಟಪಾಲಿನ ಮುದ್ರೆ ಯಾಕಿಲ್ಲ ಎಂದು ಹುಡುಕಬೇಡಿ. ಈ ಪತ್ರ ನಾನೇ ತಂದೆ, ಅತ್ತೆಯವರ ಕೈಯಲ್ಲಿ ಕೊಟ್ಟು ಹೋಗುತ್ತೇನೆ. ಹೊತ್ತು ಹುಟ್ಟಿದ ಮೇಲೆ ಖಾನಾಪುರ ಬಿಟ್ಟೆ. ನಿಮ್ಮ ಗಾಡಿಗೆ ಲಾಯಕ್ಕಿಲ್ಲದ ಹದಿನಾರು ಮೈಲಿ ರಸ್ತೆಯಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ಗಾಡಿ ನಿಮ್ಮ ಬಾಗಿಲಿಗೆ ಬಂದು ನಿಂತಿದೆ, ಮುಟ್ಟಿ ನೋಡಿದರೆ ಎಂಜಿನ್ ಇನ್ನೂ ಬೆಚ್ಚಗಿದ್ದೀತು. ಅದರ ಸದ್ದನ್ನು ಟಿಳಕವಾಡಿಯಿಂದಲೇ ಗುರುತಿಸುತ್ತೇನೆ ಎನ್ನುತ್ತಿದ್ದವರು ಕಿಟಕಿಯ ಕೆಳಗೆ ಬಂದರೂ ಎಚ್ಚರಾಗಲಿಲ್ಲ.

ಗಾಡಿ ನಿಲ್ಲಿಸಿ ಇಲ್ಲಿ ಬಂದು ಕಾದೆ, ಅತ್ತೆಯವರು ದಿನದಂತೆ ರಾಜಮತಿಯ ಕೈ ಹಿಡಿದು ಬಸದಿಗೆ ಬಂದರು. ನಿಮ್ಮ ಪತ್ರದ ಎಂಟನೆಯ ವಾಕ್ಯ ಓದಿ ಹೇಳಿದೆ. ಅವರು ನನ್ನ ಜೊತೆ ಮನೆಯ ಬಾಗಿಲಿಗೆ ತಿರುಗಿ ಬಂದು, ಬಗ್ಗಿ, ಪಟ್ಟಾದ ಮೇಲೆ ಬೆರಳಾಡಿಸಿ, “ಇದು ತೊಗಲ ಅಲ್ಲಲಾ?” ಎಂದು ಕೇಳಿದರು. ಅಲ್ಲರೀ ಅತ್ತಿ, ಕ್ಯಾನ್ವಾಸ್ ಎಂದೆ. ಸೈಡ್‌ಕಾರಿನಲ್ಲಿದ್ದ ಬೂಟನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಗುವಿನ ಕೈ ನನ್ನ ಕೈಯಲ್ಲಿಟ್ಟು, “ಪರಕರ ಎಲ್ಲಾ ಗಿಡ್ಡಾಗಿ ಮೊಣಕಾಲಿಗಿ ಬಂದಾವ. ಹೊಸಾವ ಹೊಲಿಸವ್ವಾ” ಎಂದರು. ನಿಮ್ಮ ಬಾಗಿಲಲ್ಲಿ ನಾನು ಅತ್ತದ್ದು ಅದೊಂದೇ ಸಲ.

ರಾಜಮತಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ನೀವು ಬರೆಯಲು ಮರೆತಿದ್ದಿರಿ. ಇನ್ನೊಂದನ್ನೂ ಬರೆಯಲು ಮರೆತಿದ್ದೀರಿ: ಗಾಡಿ ಮುಟ್ಟಿದ ದಿನ ಮಗಳನ್ನು ಕಳಿಸುತ್ತೇನೆ ಎಂದಿರಿ, ತಿರುಗಿ ಯಾವ ದಿನ ಬರಬೇಕು ಎಂದು ಹೇಳಲಿಲ್ಲ. ನಿಮ್ಮ ಮಾತಿಗೆ ನಾನಾಗಿ ಏನನ್ನೂ ಸೇರಿಸುವುದಿಲ್ಲ.

ನಿಮ್ಮದನ್ನೆಲ್ಲ ಒಪ್ಪಿಸಿದ್ದೇನೆ. ಸೈಡ್‌ಕಾರಿನಲ್ಲಿ ನಿಮ್ಮ ಕನ್ನಡಿ, ಹಣಿಗೆ, ಬೂಟು, ಮತ್ತು ದುಂಡಪ್ಪ ನೇಯ್ದ ಪಟ್ಟಾ ಇವೆ. ಪಟ್ಟಾವನ್ನು ಅಂಟುವಾಳ ಹಾಕಿ ಒಗೆದಿದ್ದೇನೆ, ಕೆಂಪು ದಡಿ ಬಣ್ಣ ಬಿಟ್ಟಿಲ್ಲ. ಪಾಡ್ಯದ ಪಂದ್ಯಕ್ಕೆ ಅದನ್ನೇ ಹಾಕಿಕೊಳ್ಳಿ. ಕ್ಯಾನ್ವಾಸಿನದು ನಮ್ಮಪ್ಪನ ಗಿರಣಿಯದು, ಬಿಚ್ಚಿಕೊಂಡು ಬಂದೆ. ರಾಜಮತಿ ಅದನ್ನು ಹೆಗಲಿಗೆ ಹಾಕಿಕೊಂಡು ಸ್ಟೇಶನ್ನಿಗೆ ಹೊರಡೋಣ ಎಂದು ಅವಸರ ಮಾಡುತ್ತಿದ್ದಾಳೆ. ಒಂದೂವರೆ ಟಿಕೀಟು ತೆಗೆಸುತ್ತೇನೆ, ಹೋಗುವುದಕ್ಕೆ ಮಾತ್ರ.